ಎರೆ ಮಣ್ಣಿಗೂ ಕುಂಬಾರನಿದ್ದಾನೆ

ಯೆರೆಮೀಯ 18ನೇ ಅಧ್ಯಾಯ, ಮೊದಲ ಆರು ವಚನ ತೆಗೀರಿ. ಪ್ರವಾದಿ ಕುಂಬಾರನ ಮನೆಗೆ ಹೋಗ್ತಾನೆ. ಅವನ ಕಣ್ಣೆದುರೇ ತಿಗರಿ ಮೇಲಿನ ಪಾತ್ರೆ ಕೆಡ್ತದೆ. ಆದ್ರೆ ಕುಂಬಾರ ಆ ಮಣ್ಣು ಎಸೀಲಿಲ್ಲ. ಅದರಿಂದಲೇ ಇನ್ನೊಂದು ಪಾತ್ರೆ ಮಾಡಿದ. ಹಲ್ಲೆಲೂಯ!

ಇದನ್ನ ಕೇಳಿ ನಮ್ಮ ಯೌವನಸ್ಥರು ಏನಂತಾರೆ ಗೊತ್ತಾ? "ಬ್ರದರ್, ಕುಂಬಾರ ಒಳ್ಳೆಯವನೇ, ನಾನೇ ಸರಿಯಾದ ಮಣ್ಣಲ್ಲ. ಇಂಗ್ಲಿಷ್ ಬರಲ್ಲ, ಮನೇಲಿ ಯಾರೂ ವಿಶ್ವಾಸಿಗಳಿಲ್ಲ, ಕೋಪ ಜಾಸ್ತಿ. ಮೊದಲು ಸರಿಯಾಗ್ತೀನಿ, ಆಮೇಲೆ ಸೇವೆಗೆ ಬರ್ತೀನಿ." ಹುಲಸೂರಿಂದ ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋದ ಎಷ್ಟೋ ಮಕ್ಕಳು ಹೀಗೆ ಹೇಳ್ತಾ ಹಿಂದಿನ ಸಾಲಲ್ಲೇ ಕೂತಿದ್ದಾರೆ.

ಹುಲಸೂರಿನ ಹೊಲ ನೆನಪು ಮಾಡ್ಕೊಳ್ರಿ. ಎರೆ ಮಣ್ಣು. ಮಳೆ ಬಂದ್ರೆ ಉಬ್ಬಿ ಕಾಲಿಗೆ ಅಂಟ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡ್ತದೆ. ಅದೊಂದರಲ್ಲೇ ಗಡಿಗೆ ಮಾಡಿದ್ರೆ ಒಣಗುವಾಗಲೇ ಸೀಳ್ತದೆ. ಬರೀ ಮರಳು ಮಣ್ಣಾದ್ರೆ? ಆಕಾರವೇ ನಿಲ್ಲಲ್ಲ. ಕುಂಬಾರ ಹಸಿ ಮಣ್ಣನ್ನ ಹುರಿಯ ಹಾಗೆ ಹೊಸೆದು ಬೆರಳಿಗೆ ಸುತ್ತಿ ನೋಡ್ತಾನೆ. ಬಾಗಿದ್ರೆ ಕೆಲಸಕ್ಕೆ ಬಂತು, ಮುರಿದ್ರೆ ಇನ್ನೂ ಹದವಾಗಬೇಕು. ಬಣ್ಣ ನೋಡೋದಲ್ಲ ಪ್ರಿಯರೇ, ಬಾಗ್ತದಾ ಅಂತ ನೋಡೋದು.

ಅತಿ ಜಿಗುಟಾದ ಮಣ್ಣಿಗೆ ಅವನು ಮರಳು ಬೆರೆಸ್ತಾನೆ, ಬೂದಿ ಬೆರೆಸ್ತಾನೆ. ಒಡೆದ ಮಡಕೆಯ ಚೂರು ಕುಟ್ಟಿ ಪುಡಿ ಮಾಡಿ ಸೇರಿಸೋದೂ ಉಂಟು. ಆವಿಗೆಯ ಬೆಂಕಿ ಈಗಾಗಲೇ ಕಂಡ ಚೂರದು, ಹೊಸ ಗಡಿಗೆ ಸೀಳದ ಹಾಗೆ ಹಿಡೀತದೆ. ಅದಕ್ಕೇ ದೇವರು ನಿಮ್ಮನ್ನ ಸಭೆಯಲ್ಲಿ ಇಟ್ಟಿದ್ದಾನೆ. ಒಡೆದು ಎದ್ದವರ ಸಾಕ್ಷಿ ನಿಮ್ಮೊಳಗೆ ಬೆರೀಬೇಕು. ಒಬ್ಬರೇ ರೂಮಿನಲ್ಲಿ ಆನ್‌ಲೈನ್ ಸಂದೇಶ ಕೇಳಿದ್ರೆ ಸಾಲದು.

ಇನ್ನೊಂದು ಮಾತು. ನಮ್ಮ ಬೀದರಿನ ಬಿದ್ರಿ ಕುಶಲಕರ್ಮಿಗಳು ಹಳೇ ಕೋಟೆಯ ಮಣ್ಣು ಹುಡುಕ್ತಾರೆ, ಬಹಳ ಕಾಲ ಮಳೆ-ಬಿಸಿಲು ಕಾಣದ ಮಣ್ಣು. ನಾಲಿಗೆಗೆ ಇಟ್ಟು ರುಚಿ ನೋಡಿ ಆರಿಸ್ತಾರೆ. ನವಸಾಗರದ ಜೊತೆ ಆ ಮಣ್ಣು ಸೇರಿದಾಗ ಸತುವಿನ ಪಾತ್ರೆ ಕಪ್ಪಾಗ್ತದೆ, ಬೆಳ್ಳಿಯ ಹೂಬಳ್ಳಿ ಹೊಳೀತದೆ. ಗಡಿಗೆಗೆ ಬೇಕಾದ ಮಣ್ಣು ಬೇರೆ, ಬಿದ್ರಿಗೆ ಬೇಕಾದ ಮಣ್ಣು ಬೇರೆ. ಪಕ್ಕದವರ ಹಾಗೆ ನಾನಿಲ್ಲ ಅಂತ ಅಳಬೇಡ್ರಿ. ಯಾರೂ ನೋಡದ ನಿಮ್ಮ ವರ್ಷಗಳೂ ಆತನಿಗೆ ಗೊತ್ತು.

ಒಂದು ಎಚ್ಚರಿಕೆ: ಬಾಗೋದು ಅಂದ್ರೆ ದೇವರ ಕೈಗೆ. ಮನೆಯಲ್ಲೋ ಆಫೀಸಿನಲ್ಲೋ ಯಾರಾದ್ರೂ ನಿಮ್ಮನ್ನ ಹೊಡೆದು ತುಳೀತಿದ್ರೆ, ಅದನ್ನ ಕುಂಬಾರನ ಕೈ ಅಂತ ಸಹಿಸಬೇಡ್ರಿ. ಸಭೆಯ ಹಿರಿಯರ ಹತ್ತಿರ ಹೇಳ್ರಿ, ಸಹಾಯ ತಗೊಳ್ರಿ.

2 ಕೊರಿಂಥ 4:7ರಲ್ಲಿ ಪೌಲ ತನ್ನನ್ನ ಮಣ್ಣಿನ ಪಾತ್ರೆಗೇ ಹೋಲಿಸ್ತಾನೆ. ಬೆಲೆ ಪಾತ್ರೆಯದ್ದಲ್ಲ, ಒಳಗಿರೋ ನಿಕ್ಷೇಪದ್ದು. ಈ ವಾರ "ಸರಿಯಾದ ಮೇಲೆ" ಅಂತ ಮುಂದೂಡಿದ ಒಂದು ಕೆಲಸ ಶುರು ಮಾಡ್ರಿ. ಕ್ಷಮೆ ಕೇಳೋ ಒಂದು ಫೋನ್ ಇರಬಹುದು, ಭಾನುವಾರ ಶಾಲೆಯ ಒಂದು ಕ್ಲಾಸ್ ಇರಬಹುದು.

ಪ್ರಾರ್ಥಿಸೋಣ. ತಂದೆಯೇ, ನಾವು ಮಣ್ಣು, ನೀನು ಕುಂಬಾರ. ನಮ್ಮಲ್ಲಿ ಇಲ್ಲದ್ದನ್ನ ನೀನೇ ಬೆರೆಸು. ಯೇಸುವಿನ ನಾಮದಲ್ಲಿ, ಆಮೆನ್.