ರಾಮನಿಲ್ಲದ ಕಥೆ, ಸೀತೆಯಿರುವ ಕಥೆ

ತುಟಿ ಎರಡೂ ಸೇರದ ಹಾಗೆ ಒಂದು ಕಥೆ ಹೇಳಿ ನೋಡಿ. ಪ, ಫ, ಬ, ಭ, ಮ ಈ ಐದು ಅಕ್ಷರ ಬಾಯಿಗೆ ಬರಬಾರದು, ನಿಯಮ ಅಷ್ಟೇ. ಶುರು ಮಾಡಿದ ಕೂಡಲೇ ಅಮ್ಮನಿಲ್ಲ, ಅಪ್ಪನಿಲ್ಲ. ಮನೆ, ಮರ, ಮಳೆ, ಹಬ್ಬ ಎಲ್ಲ ಹೋದವು. ಊಟಕ್ಕೆ ಕೂತರೆ ಉಪ್ಪೂ ಇಲ್ಲ, ತುಪ್ಪವೂ ಇಲ್ಲ. ಎಳೆಮಗು ಮೊದಮೊದಲು ಕಲಿತ ಮಾತೆಲ್ಲ ತುಟಿಯ ತುದಿಯಲ್ಲೇ ಇತ್ತಲ್ಲ ಎಂದು ಆಗ ಬೆರಗಾಗುತ್ತದೆ. ಆದರೆ ಅವ್ವ ಇದ್ದಾಳೆ, ಅಜ್ಜಿ ಇದ್ದಾಳೆ. ಮಳೆ ಹೋದರೂ ಸೋನೆ ಸುರಿಯುತ್ತದೆ, ಜಡಿ ಹಿಡಿಯುತ್ತದೆ. ಮೂಲೆ ಸೇರಿದ್ದ ಮಾತುಗಳು ಒಂದೊಂದಾಗಿ ಎದ್ದು ಬರುತ್ತವೆ.

ಈ ಆಟ ಹಳೆಯದು. ದಂಡಿಯ 'ದಶಕುಮಾರಚರಿತ'ದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನ ತುಟಿಗೆ ನಲ್ಲೆಯಿಂದ ಗಾಯವಾಗಿದೆ. ಆದ್ದರಿಂದ ಅವನು ತನ್ನ ಕಥೆಯನ್ನು ಪವರ್ಗದ ಒಂದು ಅಕ್ಷರವೂ ಇಲ್ಲದೆ ಹೇಳುತ್ತಾನೆ. ಕನ್ನಡದ 'ಕವಿರಾಜಮಾರ್ಗ' ಆಧಾರವಾಗಿಟ್ಟುಕೊಂಡ 'ಕಾವ್ಯಾದರ್ಶ' ಇದೇ ದಂಡಿಯದು. ಎಷ್ಟೋ ಶತಮಾನಗಳ ಮೇಲೆ, 1969ರಲ್ಲಿ, ಫ್ರಾನ್ಸಿನ ಜಾರ್ಜ್ ಪೆರೆಕ್ ಇಡೀ ಕಾದಂಬರಿಯನ್ನು 'e' ಅಕ್ಷರವಿಲ್ಲದೆ ಬರೆದ.

ಕೇರಳದ ಗಡಿಯ ಪೊನ್ಕುಳಿ ಎಂಬ ಊರಿನ ಕಥೆಯನ್ನು ಹೀಗೆ ಹೇಳಲು ಹೊರಟರೆ ಊರಿನ ಹೆಸರೇ ಬಾಯಿಗೆ ಬಾರದು. ಅಲ್ಲಿ ಹಾಯುವ ಕಾಡುದಾರಿ, ರಾಷ್ಟ್ರೀಯ ಹೆದ್ದಾರಿ 766, ಮುಟ್ಟುವ ಊರುಗಳನ್ನು ನೋಡಿ: ಬತ್ತೇರಿ, ಮುತ್ತಂಗ, ಪೊನ್ಕುಳಿ, ಮೂಲೆಹೊಳೆ, ಗುಂಡ್ಲುಪೇಟೆ. ಒಂದನ್ನೂ ಉಚ್ಚರಿಸುವಂತಿಲ್ಲ! ಪೊನ್ಕುಳಿಯಲ್ಲಿ ಹೆದ್ದಾರಿಯ ಪಕ್ಕ ಶ್ರೀರಾಮನ ಗುಡಿಯಿದೆ, ಸೀತೆಗೂ ಗುಡಿಯಿದೆ. ಸೀತೆಯ ಕಣ್ಣೀರೇ ಅಲ್ಲಿನ ಕೊಳವಾಯಿತು ಎಂದು ಜನ ನಂಬುತ್ತಾರೆ. ನಮ್ಮ ನಿಯಮದಂತೆ ರಾಮ ಕಥೆಯಿಂದ ಹೊರಗಾಗುತ್ತಾನೆ. ಸೀತೆ ಉಳಿಯುತ್ತಾಳೆ. ಕಾಡು, ಕೊಳ, ಕಣ್ಣೀರು ಉಳಿಯುತ್ತವೆ. ಲವನೂ ಕುಶನೂ ಉಳಿಯುತ್ತಾರೆ.

ಕಾಡಿನ ನಡುವೆ ಸೀತೆ ಅತ್ತಳು. ಕಣ್ಣೀರು ಕೊಳವಾಯಿತು. ಸಂಜೆ ಆನೆಗಳು ಆ ನೀರಿಗೆ ಇಳಿದವು. ಲಾರಿಗಳು ನಿಂತ ಕೂಡಲೇ ದಾರಿ ಕಾಡಿನದಾಯಿತು.

ನಾಲ್ಕೇ ವಾಕ್ಯ, ತುಟಿ ಸೇರಲಿಲ್ಲ. ಒಂಟಿಯಾದ ಸೀತೆಯನ್ನು ನಾನಾಗಿ ಯೋಚಿಸಿ ತಂದದ್ದಲ್ಲ. ಐದು ಅಕ್ಷರ ಕಿತ್ತಿಟ್ಟದ್ದಕ್ಕೆ ಅವಳೇ ಬಂದು ನಿಂತಳು. ನನ್ನನ್ನು ಮೂಕನಾಗಿಸುವುದು ಇದೇ. ಕಟ್ಟು ಬಿಗಿಯಾದ ಕಡೆ ಊಹೆ ದಾರಿ ಹುಡುಕುತ್ತದೆ, ಹುಡುಕುವಾಗ ನಾವು ನೆನೆಯದ ಸತ್ಯ ಸಿಗುತ್ತದೆ.

ಆಶುಕವಿತೆಯ ಅವಧಾನ ಕಂಡವರಿಗೆ ಇದು ಹೊಸದೇನಲ್ಲ. ನಿಷೇಧಾಕ್ಷರಿಯಲ್ಲಿ ಪೃಚ್ಛಕರು, ಅಂದರೆ ಸವಾಲು ಒಡ್ಡುವವರು, ಮುಂದಿನ ಅಕ್ಷರವನ್ನು ಊಹಿಸಿ ತಡೆಯುತ್ತಾರೆ, ಕವಿ ಬೇರೆ ಅಕ್ಷರ ಹಿಡಿದು ಪದ್ಯ ಮುಂದುವರಿಸಬೇಕು. ದತ್ತಪದಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡುತ್ತಾರೆ, ನಾಲ್ಕು ಪಾದಗಳಲ್ಲಿ ಅವು ಕೂರಬೇಕು. 2012ರಲ್ಲಿ ಬೆಂಗಳೂರಿನಲ್ಲಿ ಅವಧಾನಿ ಆರ್. ಗಣೇಶ್ ಪೂರ್ತಿ ಕನ್ನಡದಲ್ಲೇ, ನೂರು ಪೃಚ್ಛಕರ ಶತಾವಧಾನ ನಡೆಸಿದರು. ಇಟಲಿಯ ಲೇಖಕ ಜಾನಿ ರೊದಾರಿ ಮಕ್ಕಳ ಜೊತೆ ಆಡುತ್ತಿದ್ದ ಆಟವೂ ಇದರ ನೆಂಟನೇ: ನಾಯಿ, ಬೀರು ಎಂಬಂಥ ಎರಡು ದೂರದ ಪದ ಪಕ್ಕಪಕ್ಕ ಇಟ್ಟರೆ ನಡುವೆ ಕಥೆ ಹುಟ್ಟುತ್ತದೆ ಎಂದು 1973ರ ತನ್ನ ಪುಸ್ತಕದಲ್ಲಿ ಅವನು ಬರೆದ.

ಪೊನ್ಕುಳಿಗೆ ಬೀರು ಬೇಡ. ಜೇನು, ಗೇಟು ಸಾಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಹೆದ್ದಾರಿಯ ಬಂಡೀಪುರ ಕಾಡಿನ ಭಾಗದಲ್ಲಿ ಸಾಮಾನ್ಯವಾಗಿ ವಾಹನ ಓಡುವಂತಿಲ್ಲ, ಗೇಟು ಮುಚ್ಚಿರುತ್ತದೆ. 2009ರಿಂದ ಇರುವ ನಿಯಮ. ಜೇನ್ನೊಣಕ್ಕೆ ಗೇಟಿನ ಹಂಗಿಲ್ಲ. ಯಾವ ರಾಜ್ಯದ ಹೂವಿನ ಜೇನು ಯಾವ ರಾಜ್ಯದ ಮರದಲ್ಲಿದೆ? ಕೇಳಿದರೆ ಕಥೆ ಶುರು.

ಪೊನ್ಕುಳಿಯಲ್ಲಿ ಕಾಟ್ಟುನಾಯಕ ಬುಡಕಟ್ಟಿನವರ ಹಾಡಿಯಿದೆ. ಅವರ ಮನೆಮಾತು ಕನ್ನಡಕ್ಕೆ ಹತ್ತಿರದ್ದು, ಶಾಲೆಯ ಪಾಠ ಮಲಯಾಳಂ. ಬರೆಯಲು ಹಿಂಜರಿಯುವ ಮಗುವೂ ಈ ಆಟವನ್ನು ಬಾಯಿಮಾತಿನಲ್ಲೇ, ತನ್ನ ಮನೆಮಾತಿನಲ್ಲೇ ಆಡಬಹುದು. ಗಡಿಯ ಎರಡೂ ಬದಿಯ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೋರಿಕೆ: ವಾರದಲ್ಲಿ ಒಂದು ಪಿರಿಯಡ್ ಇದಕ್ಕೆ ಬಿಟ್ಟುಕೊಡಿ. ಮಕ್ಕಳು ಯಾವ ಭಾಷೆಯಲ್ಲಿ ಹೇಳಿದರೂ ತಿದ್ದಬೇಡಿ, ಮಾರ್ಕ್ಸ್ ಹಾಕಬೇಡಿ. ಅವರು ಹೇಳಿದ್ದನ್ನು ಬರೆದಿಡಿ.