ಸಂಜೆಯ ಲೆಕ್ಕ

ಕಳೆದ ತಿಂಗಳು ಒಂದು ಮಧ್ಯಾಹ್ನ ಪದವಿ ತರಗತಿಯಲ್ಲಿ ಕುಮಾರವ್ಯಾಸನ ಸಭಾಪರ್ವದ ದ್ಯೂತಪ್ರಸಂಗವನ್ನು ಪಾಠ ಹೇಳುತ್ತಿದ್ದೆ. ಧರ್ಮರಾಯ ಸಂಪತ್ತನ್ನು ಸೋತ, ತಮ್ಮಂದಿರನ್ನು ಸೋತ, ತನ್ನನ್ನೇ ಸೋತ. ಕೊನೆಗೆ ದ್ರೌಪದಿಯನ್ನೂ ಒಡ್ಡಿದ. ಇಷ್ಟು ಹೇಳಿ ನಾನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸಾರ್, ಆ ಕೊನೆಯ ಆಟವನ್ನು ಧರ್ಮರಾಯ ಗೆದ್ದುಬಿಟ್ಟಿದ್ದರೆ? ಆಗಲೂ ಅವನು ಮಾಡಿದ್ದು ತಪ್ಪು ಎನ್ನುತ್ತಿದ್ದೆವೆ?"

ತರಗತಿ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಹೊಡೆದದ್ದು ನನ್ನ ಪುಣ್ಯ. ಆದರೆ ಗಂಟೆ ಹೊಡೆದರೆ ಪಾಠ ಮುಗಿಯುತ್ತದೆಯೇ ಹೊರತು ಪ್ರಶ್ನೆ ಮುಗಿಯುವುದಿಲ್ಲ. ಅದು ನನ್ನ ಹಿಂದೆಯೇ ಬಸ್ಸು ಹತ್ತಿ ಮನೆಗೂ ಬಂದಿತು. ಹುಡುಗ ಕೇಳಿದ್ದು ಧರ್ಮರಾಯನನ್ನು ಕುರಿತಾದರೂ ಅದು ತಾಗಿದ್ದು ಇನ್ನೆಲ್ಲಿಗೋ. ಎಲ್ಲಿಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ದೂರದೇಶದ ಒಂದು ಸಂಗತಿಯನ್ನು ವಾಚಕರ ಮುಂದಿಡಬೇಕು. ಅನ್ಯರ ತಪ್ಪಿನಿಂದ ಆರಂಭಿಸುವುದು ಮನುಷ್ಯನಿಗೆ ಯಾವಾಗಲೂ ಸುಲಭವಷ್ಟೆ.

ಕುದುರೆ ಪಂದ್ಯದ ಮೈದಾನದಲ್ಲಿ ಕಿಂಡಿಯ ಹಿಂದೆ ಕುಳಿತು ಟಿಕೆಟ್ ಕೊಡುವ ಗುಮಾಸ್ತನನ್ನು ನೆನೆದುಕೊಳ್ಳಿ. ಜೂಜಿನ ಹಣವನ್ನೆಲ್ಲ ಒಂದೇ ರಾಶಿಗೆ ಹಾಕಿ, ಅದರಲ್ಲಿ ನಿಗದಿಯಾದ ಒಂದು ಪಾಲನ್ನು ತೆಗೆದಿಟ್ಟು, ಉಳಿದುದನ್ನು ಗೆದ್ದವರಿಗೆ ಹಂಚುವ ಪದ್ಧತಿಯನ್ನು ಜೋಸೆಫ್ ಒಲ್ಲೆರ್ ಎಂಬಾತ 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಬಳಕೆಗೆ ತಂದ. ಈ ರಾಶಿಯ ಲೆಕ್ಕವನ್ನು ತಾನಾಗಿ ಕೂಡುವ ದೊಡ್ಡ ಯಂತ್ರವೊಂದನ್ನು ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರು ಮಾಡಿದ. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಮೈದಾನದಲ್ಲಿ ಅದನ್ನು ಹೂಡಿದರು. ಯಂತ್ರ ಕೂಡುವುದನ್ನು ಕಲಿತುಕೊಂಡಿತು. ಗಲ್ಲಾಪೆಟ್ಟಿಗೆ ಮಾತ್ರ ಮನುಷ್ಯನ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಗುಮಾಸ್ತನಿಗೆ ಇಷ್ಟು ಎಂದು ಎಣಿಸಿಕೊಟ್ಟ ಹಣ. ಸಂಜೆ ಅವನು ಎಣಿಸಿ ಒಪ್ಪಿಸಬೇಕಾದ ಹಣ. ನಡುವೆ ಐದಾರು ಗಂಟೆಗಳ ಕಾಲ ನದಿಯಂತೆ ಹರಿಯುವ ಪರರ ಹಣ. ಅವನ ಎದುರಿಗೇ ಯಂತ್ರವಿದೆ. ಹಣ ಹಾಕದೆಯೇ ತನಗೊಂದು ಟಿಕೆಟನ್ನು ಒತ್ತಿಕೊಂಡರೆ ಆ ಕ್ಷಣದಲ್ಲಿ ಕೇಳುವವರು ಯಾರು? ಕುದುರೆ ಗೆದ್ದರೆ ಸಾಲವೂ ತೀರಿತು, ಲಾಭವೂ ಬಂದಿತು. ಸೋತರೆ ಪೆಟ್ಟಿಗೆಯಲ್ಲಿ ಕೊರತೆ. ಆ ಕೊರತೆಯನ್ನು ತುಂಬಲು ಮುಂದಿನ ಕುದುರೆ ಇದ್ದೇ ಇದೆ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಅಕ್ವಿಡಕ್ಟ್, ಬೆಲ್ಮಾಂಟ್, ಸರಟೋಗ ಎಂಬ ಮೂರು ಹೆಸರಾಂತ ಮೈದಾನಗಳನ್ನು ನಡೆಸುತ್ತಿದ್ದ ರೇಸಿಂಗ್ ಸಂಸ್ಥೆಯ ವ್ಯವಹಾರ 2003ರಲ್ಲಿ ಬಯಲಿಗೆ ಬಂದಿತು. ಅಲ್ಲಿನ ಗುಮಾಸ್ತರಲ್ಲಿ ಹಲವರು ದಿನದ ಕೊನೆಯಲ್ಲಿ ಬೇಕೆಂದೇ ಕಡಿಮೆ ಹಣ ಒಪ್ಪಿಸುತ್ತಿದ್ದರು. ಕಡಿಮೆಯಾದದ್ದು ಅವರ ಜೇಬಿನಲ್ಲಿ ಮನೆಗೆ ಹೋಗುತ್ತಿತ್ತು. ಸಂಸ್ಥೆ ಅದನ್ನು 'ಕೊರತೆ' ಎಂದು ಬರೆದುಕೊಂಡು ಮುಂದೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಿತ್ತು. ಎಂದರೆ ಅದು ಕಳವಾಗಲಿಲ್ಲ, ಬಡ್ಡಿಯಿಲ್ಲದ ಕೈಗಡವಾಯಿತು! ಕೌತುಕ ಅಷ್ಟಕ್ಕೇ ಮುಗಿಯಲಿಲ್ಲ. ಹೀಗೆ ಹಿಡಿದುಕೊಂಡ ಮೊತ್ತವನ್ನು ಗುಮಾಸ್ತರು ತಮ್ಮ ವೃತ್ತಿಯ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿಯನ್ನೂ ಪಡೆಯುತ್ತಿದ್ದರು. ಇದು ಒಂದೆರಡು ದಿನದ ಮಾತಲ್ಲ; ವರ್ಷಗಟ್ಟಲೆ ನಡೆದದ್ದು. ಹಲವು ಗುಮಾಸ್ತರು ತಪ್ಪೊಪ್ಪಿಕೊಂಡರು. ಕಂಡೂ ಕಾಣದಂತಿದ್ದು ಇದಕ್ಕೆ ನೆರವಾಯಿತೆಂದು 2003ರ ಡಿಸೆಂಬರಿನಲ್ಲಿ ಸಂಸ್ಥೆಯ ಮೇಲೆಯೇ ಆರೋಪಪಟ್ಟಿ ಬಂದು, ಅದು 30 ಲಕ್ಷ ಡಾಲರ್ ದಂಡ ತೆರಲು ಒಪ್ಪಬೇಕಾಯಿತು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೋಸದ ಗಾತ್ರವಲ್ಲ. ಆ 'ಕೊರತೆ' ಎಂಬ ಮಾತು. ಪಾಪಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಸಿಕ್ಕಿತೆಂದರೆ ಅದು ಪಾಪವಾಗಿ ಉಳಿಯುವುದಿಲ್ಲ, ಬಾಬ್ತಾಗಿಬಿಡುತ್ತದೆ. ಮನಸ್ಸಿನ ಪುಸ್ತಕದಲ್ಲಿಯೂ ಹೀಗೆಯೇ. ನಾವು ಯಾರೂ ಕದಿಯುವುದಿಲ್ಲ, 'ಸ್ವಲ್ಪ ತಿರುಗಿಸಿಕೊಳ್ಳುತ್ತೇವೆ'. ಯಾರೂ ವಂಚಿಸುವುದಿಲ್ಲ; 'ಹೊಂದಿಸಿಕೊಳ್ಳುತ್ತೇವೆ'. ಕನ್ನಡವನ್ನು ಪಾಠ ಹೇಳಿ ಬದುಕುವವನಾಗಿ ನಾನು ಕಂಡುಕೊಂಡದ್ದಿಷ್ಟು: ಭಾಷೆ ನಮ್ಮ ತಪ್ಪುಗಳಿಗೆ ಹೊದಿಸುವಷ್ಟು ಮೆತ್ತನೆಯ ಹೊದಿಕೆಯನ್ನು ಇನ್ನಾವುದೂ ಹೊದಿಸಲಾರದು.

ಗುಮಾಸ್ತನ ಪರವಾಗಿಯೂ ಎರಡು ಮಾತು ಆಡಬೇಕು, ಆಡದಿದ್ದರೆ ನ್ಯಾಯವಾಗದು. ಸುತ್ತಲೂ ಸಾವಿರಾರು ಜನ ಜೂಜಾಡುತ್ತಿದ್ದಾರೆ. ಆ ಜೂಜಿನಿಂದ ಮೈದಾನದ ಒಡೆಯರು ಬದುಕುತ್ತಾರೆ, ಸರ್ಕಾರವೂ ತನ್ನ ಪಾಲು ಪಡೆಯುತ್ತದೆ. ಎಲ್ಲರಿಗೂ ಆಡಿರೆಂದು ಕೈಬೀಸಿ ಕರೆದು, ಕಿಂಡಿಯ ಹಿಂದಿರುವ ಬಡವನೊಬ್ಬನಿಗೆ ಮಾತ್ರ ನೀನು ಋಷಿಯಾಗಿರು ಎನ್ನುವುದು ಎಂಥ ಧರ್ಮ? ಹೆಂಡದಂಗಡಿಯಲ್ಲಿ ಬಡಿಸುವವನಿಗೆ ಏಕಾದಶಿಯ ಉಪದೇಶ ಮಾಡಿದಂತಲ್ಲವೆ?

ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಯೋಚಿಸಿದಷ್ಟೂ ನನಗೆ ಇದಿರು ಮಾತೇ ದಿಟವೆನಿಸುತ್ತದೆ. ಎಲ್ಲರೂ ಪಣವೊಡ್ಡುವ ಕಡೆಯಲ್ಲಿ ಒಬ್ಬನಾದರೂ ಪಣವೊಡ್ಡದವನು ಬೇಕು. ಜೂಜುಗಾರ ಕುದುರೆಗೆ ಸೋಲಲು ಒಪ್ಪಿ ಬಂದಿರುತ್ತಾನೆ. ಗುಮಾಸ್ತನಿಗೆ ಸೋಲಲು ಒಪ್ಪಿ ಬಂದಿರುವುದಿಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಮದರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ, ಕುದುರೆ ಪಂದ್ಯ ಬರಿಯ ಅದೃಷ್ಟದ ಆಟವಲ್ಲ, ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು. ನಮ್ಮ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯಲ್ಲಿ ಓಡಾಡುವವರಿಗೂ ಅಂದು ಅದು ಚರ್ಚೆಯ ವಸ್ತುವಾಗಿತ್ತು. ಅದು ಆಟದ ಮಾತಾಯಿತು. ಗುಮಾಸ್ತನ ಮಟ್ಟಿಗೆ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅವನು ನಕುಲನಂತೆ ಅಶ್ವಶಾಸ್ತ್ರವನ್ನು ಅರೆದು ಕುಡಿದಿರಲಿ, ಅವನು ಒಡ್ಡಿದ ಕುದುರೆ ಪ್ರತಿಸಲವೂ ಗೆಲ್ಲಲಿ, ಒಡ್ಡಿದ್ದು ಅವನದಲ್ಲ.

ದ್ರೌಪದಿ ಕೇಳಿದ್ದೂ ಇದನ್ನೇ. ಅವಳು ಶಕುನಿಯ ದಾಳದ ವಿಚಾರವನ್ನು ಎತ್ತಲಿಲ್ಲ. ಧರ್ಮರಾಯ ಏಕೆ ಸೋತ ಎಂದೂ ಕೇಳಲಿಲ್ಲ. ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಎಂದಳು. ಪಣ ಒಡ್ಡುವ ಹಕ್ಕು ಅವನಿಗಿತ್ತೆ ಎಂಬುದು ಅವಳ ಪ್ರಶ್ನೆ. ಭೀಷ್ಮನಂಥವನು ಧರ್ಮ ಸೂಕ್ಷ್ಮವೆಂದು ತಡವರಿಸಿದ. ಆದರೆ ಆ ಪ್ರಶ್ನೆಯ ಬಲವನ್ನು ನೋಡಿ: ಅದು ಸೋಲು ಗೆಲುವುಗಳಿಗೆ ಹೊರಗೆ ನಿಂತಿದೆ. ಧರ್ಮರಾಯ ಗೆದ್ದಿದ್ದರೂ ಅದು ಹಾಗೆಯೇ ನಿಲ್ಲುತ್ತಿತ್ತು; ಕೇಳುವವರು ಮಾತ್ರ ಇರುತ್ತಿರಲಿಲ್ಲ, ಅಷ್ಟೆ. ಗೆದ್ದವನ ಮನೆಯಲ್ಲಿ ದ್ರೌಪದಿಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಿಂದಿನ ಬೆಂಚಿನ ಹುಡುಗನಿಗೆ ನಾನು ಮರುದಿನ ಇದನ್ನೇ ಹೇಳಿದೆ. ಅವನಿಗೆ ಒಪ್ಪಿಗೆಯಾದಂತೆ ಕಂಡಿತು.

ಆದರೆ ಅವನಿಗೆ ಹೇಳದ ಮಾತೊಂದು ಉಳಿಯಿತು. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹನ್ನೊಂದು ವರ್ಷದ ಹಿಂದೆ ನಾನು ಬೇರೊಂದು ಊರಿನ ಕಾಲೇಜಿನಲ್ಲಿದ್ದೆ. ವಿದ್ಯಾರ್ಥಿಗಳನ್ನು ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳಿಗೆ ಕರೆದುಕೊಂಡು ಹೋಗುವ ಪ್ರವಾಸದ ಹಣ ನನ್ನ ವಶದಲ್ಲಿತ್ತು. ಅದೇ ಸಮಯಕ್ಕೆ ಮನೆಯಲ್ಲಿ ಕಾಯಿಲೆ. ಸಂಬಳಕ್ಕೆ ಇನ್ನೂ ಒಂಬತ್ತು ದಿನ. ಬೀರುವಿನಲ್ಲಿದ್ದ ಆ ಲಕೋಟೆಯಿಂದ ಹನ್ನೆರಡು ಸಾವಿರ ರೂಪಾಯಿ ತೆಗೆದುಕೊಂಡೆ. ಕದ್ದೆನೆಂದು ನನಗೆ ಅನಿಸಲಿಲ್ಲ. ಒಂದು ಚೀಟಿಯಲ್ಲಿ ಮೊತ್ತವನ್ನೂ ತಾರೀಖನ್ನೂ ಬರೆದು ಲಕೋಟೆಯೊಳಗೆ ಇಟ್ಟೆ. ಈಗ ನೆನೆದರೆ ಅದು ನನ್ನ 'ಕೊರತೆ'ಯ ಕಾಲಂ. ಒಂಬತ್ತನೆಯ ದಿನ ಹಣ ತುಂಬಿದೆ, ಚೀಟಿ ಹರಿದೆ. ಪ್ರವಾಸ ಚೆನ್ನಾಗಿ ನಡೆಯಿತು. ಲೆಕ್ಕ ಒಂದು ರೂಪಾಯಿಗೂ ತಪ್ಪಲಿಲ್ಲ.

ಆದರೆ ಆ ಒಂಬತ್ತು ದಿನಗಳ ನಡುವೆ ಒಂದು ದಿನ ಒಬ್ಬ ಹುಡುಗಿ ಬಂದಳು. ಪ್ರವಾಸಕ್ಕೆ ಬರಲಾಗುವುದಿಲ್ಲ, ತಾನು ಕಟ್ಟಿದ ಹಣ ಹಿಂದಿರುಗಿಸಬೇಕು ಎಂದಳು. ಲಕೋಟೆಯಲ್ಲಿ ಅವಳಿಗೆ ಕೊಡುವಷ್ಟು ಹಣ ಇರಲಿಲ್ಲವೆಂದಲ್ಲ, ಇತ್ತು. ಆದರೆ ಒಬ್ಬಳಿಗೆ ಕೊಟ್ಟರೆ ಇನ್ನಿಬ್ಬರು ಬರಬಹುದು, ಬಸ್ಸಿನವನು ಮುಂಗಡ ಕೇಳಬಹುದು. ಆಗ ಏನು ಗತಿ ಎಂದು ಹೆದರಿದೆ. "ಪ್ರಾಂಶುಪಾಲರ ಸಹಿ ಆಗಬೇಕಮ್ಮ, ಮುಂದಿನ ವಾರ ಬಾ" ಎಂದೆ. ಯಾವ ಸಹಿಯ ಅಗತ್ಯವೂ ಇರಲಿಲ್ಲ. ಅವಳು ತಲೆಯಾಡಿಸಿ ಹೋದಳು. ಮುಂದಿನ ವಾರ ಬಂದು ಹಣ ಪಡೆದು "ಥ್ಯಾಂಕ್ಸ್ ಸಾರ್" ಎಂದಳು. ಬಹಳ ದಿನಗಳ ಮೇಲೆ ಅವಳ ಗೆಳತಿಯೊಬ್ಬಳಿಂದ ತಿಳಿಯಿತು: ಆ ವಾರ ಅವಳ ತಂದೆಗೆ ಕೆಲಸ ಹೋಗಿತ್ತು, ಮನೆಗೆ ಅಕ್ಕಿ ತರಲೆಂದು ಅವಳು ಹಣ ಕೇಳಿದ್ದಳು, ನಾನು ಇಲ್ಲವೆಂದಮೇಲೆ ಕಿವಿಯ ಓಲೆಯನ್ನು ಅಡವಿಟ್ಟಳು.

ನನ್ನ ಲೆಕ್ಕ ಸರಿಯಾಗಿತ್ತು. ಕೊರತೆ ಅವಳ ಕಿವಿಯಲ್ಲಿತ್ತು.

ಸಂಜೆಯ ಲೆಕ್ಕದ ಮೋಸವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಅದು ಪೆಟ್ಟಿಗೆಯೊಳಗಿನ ಹಣವನ್ನು ಎಣಿಸುತ್ತದೆ. ಹಗಲೆಲ್ಲ ಯಾರು ಯಾರು ತಮಗೆ ಗೊತ್ತಿಲ್ಲದೆ ನಮ್ಮ ಪಣವನ್ನು ಹೊತ್ತಿದ್ದರು ಎಂಬುದನ್ನು ಎಣಿಸುವುದಿಲ್ಲ. ನ್ಯೂಯಾರ್ಕಿನ ಗುಮಾಸ್ತರ ಕೊರತೆಯೂ ಸಂಬಳದಲ್ಲಿ ತುಂಬಿಹೋಗುತ್ತಿತ್ತು. ಆದರೆ ತೆರಿಗೆಯ ವಿನಾಯಿತಿಯ ದಾರಿಯಲ್ಲಿ ಹೊರಟು ಕೊನೆಗೆ ಅದು ಯಾರೋ ಕಾಣದವರ ಹೆಗಲಿಗೇ ಇಳಿಯಿತು. ಹಣವನ್ನು ಹಿಂದಿಡಬಹುದು. ಹಣದೊಡನೆ ಒಡ್ಡಿದ ನಂಬಿಕೆ ಎಲ್ಲಿ ಹೋಯಿತೆಂದು ತಿಳಿಯುವುದೇ ಇಲ್ಲವಾದ್ದರಿಂದ ಅದನ್ನು ಹಿಂದಿಡುವ ಬಗೆಯೂ ಇಲ್ಲ.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ರಾಜನ ಬೊಕ್ಕಸವನ್ನು ಜಂಗಮರಿಗೆ ವೆಚ್ಚ ಮಾಡಿದರೆಂಬ ದೂರು ಬಂದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಣಿಸಿ ನೋಡಿದರೆ ಹೊನ್ನು ಸರಿಯಾಗಿತ್ತೆಂದು ಪುರಾಣ ಹೇಳುತ್ತದೆ. ಚಿಕ್ಕಂದಿನಲ್ಲಿ ಈ ಕಥೆಯಲ್ಲಿ ನನಗೆ ಹಿಡಿಸಿದ್ದು ಲೆಕ್ಕ ಸರಿಬಂದ ಪವಾಡ. ಈಗ ಹಿಡಿಸುವುದು ಅದಕ್ಕೂ ಮೊದಲಿನ ಒಂದು ಕ್ಷಣ: ರಾಜ ಹೇಳದೆ ಕೇಳದೆ ಎಣಿಸಿ ತೋರಿಸು ಎಂದಾಗ, ನಾಳೆ ಬನ್ನಿ ಎನ್ನಬೇಕಾಗದ ನೆಮ್ಮದಿ. ಪ್ರಾಮಾಣಿಕತೆಗೆ ನನಗೆ ತಿಳಿದ ಲಕ್ಷಣ ಇದೊಂದೇ. ಸಂಜೆಗೆ ಲೆಕ್ಕ ಸರಿಹೋಗುವುದಲ್ಲ. ಮಟಮಟ ಮಧ್ಯಾಹ್ನ ಯಾರು ಬಂದು ಕೇಳಿದರೂ ಪೆಟ್ಟಿಗೆಯ ಮುಚ್ಚಳ ತೆರೆಯಬಲ್ಲವನಾಗಿರುವುದು.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಓಲೆಯನ್ನು ಬಿಡಿಸಿಕೊಂಡಳೋ ಇಲ್ಲವೋ ಅದೂ ತಿಳಿಯದು. ಕೇಳುವ ಧೈರ್ಯ ಅಂದು ನನಗಾಗಲಿಲ್ಲ. ಈ ವರ್ಷವೂ ಪ್ರವಾಸದ ಹೊಣೆ ನನ್ನ ಪಾಲಿಗೆ ಬಂದಿದೆ. ಹಣವನ್ನು ನಾನು ಲಕೋಟೆಯಲ್ಲಿ ಇಡುವುದಿಲ್ಲ. ಬಂದ ದಿನವೇ ಬ್ಯಾಂಕಿಗೆ ಕಟ್ಟಿ, ರಸೀದಿಯ ಪ್ರತಿಯನ್ನು ತರಗತಿಯ ಗೋಡೆಗೆ ಅಂಟಿಸುತ್ತೇನೆ. "ಇದೆಲ್ಲ ಏಕೆ ಸಾರ್, ನಿಮ್ಮನ್ನು ನಾವು ನಂಬುವುದಿಲ್ಲವೆ?" ಎಂದ ಹಿಂದಿನ ಬೆಂಚಿನ ಅದೇ ಹುಡುಗ.

ನಂಬುತ್ತೀರಿ, ಅದಕ್ಕೇ ಎಂದೆ.