ಅರ್ಧ ಓದಿದ ಪುಸ್ತಕ, ಪೂರ್ತಿ ಅಭಿಪ್ರಾಯ

ಓದುತ್ತಿರುವ ಪುಸ್ತಕದ ಬಗ್ಗೆ, ಅದನ್ನು ಮುಗಿಸುವ ಮೊದಲೇ, ಇನ್ನೊಬ್ಬರಲ್ಲಿ ಅಭಿಪ್ರಾಯ ಹೇಳುವುದು ಸರಿಯೇ? ಪ್ರಶ್ನೆ ಸಣ್ಣದೆಂದು ತೋರಬಹುದು. ದಿನಪತ್ರಿಕೆಯ ತುಂಬ ಕೊಲೆ, ಸುಲಿಗೆ, ಗಲಭೆಗಳ ಸುದ್ದಿಯಿರುವಾಗ ಒಂದು ಕಾದಂಬರಿಯ ಬಗ್ಗೆ ಯಾರು ಏನು ಹೇಳಿದರೆ ಏನಂತೆ ಎಂದು ಕೇಳುವವರೂ ಇದ್ದಾರೆ. ಆದರೆ ಪುಸ್ತಕಗಳ ಬಗ್ಗೆ ನಾವು ಮಾತಾಡುವ ರೀತಿಗೂ ಮನುಷ್ಯರ ಬಗ್ಗೆ ಮಾತಾಡುವ ರೀತಿಗೂ ಹೆಚ್ಚು ಅಂತರವಿಲ್ಲ. ಹತ್ತು ಪುಟ ಓದಿ ಲೇಖಕನ ಮೇಲೆ ತೀರ್ಪು ಕೊಡುವ ರೂಢಿಯಾದವನಿಗೆ, ಹತ್ತು ನಿಮಿಷ ನೋಡಿ ನೆರೆಮನೆಯವನ ಮೇಲೆ ತೀರ್ಪು ಕೊಡುವುದು ಕಷ್ಟವೆನಿಸುವುದಿಲ್ಲ.

ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರ್ ದಾರಿ. ದಿನವೂ ಬಸ್ಸಿನಲ್ಲಿ ಓಡಾಡುವ ಶಿಕ್ಷಕರು, ಬ್ಯಾಂಕಿನ ನೌಕರರು, ಕಾಲೇಜು ವಿದ್ಯಾರ್ಥಿಗಳಲ್ಲಿ ಚೀಲದೊಳಗೊಂದು ಪುಸ್ತಕ ಇಟ್ಟುಕೊಂಡವರು ಈಗಲೂ ಸಿಗುತ್ತಾರೆ. ‘ಈಗ ಎಂತ ಓದ್ತಾ ಇದ್ರಿ?’ ಎಂದು ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. ‘ಇನ್ನೂ ಮುಗಿದಿಲ್ಲ, ಮುಗಿದ ಮೇಲೆ ಹೇಳ್ತೆ’ ಎನ್ನುವವರು ಒಂದು ಬಗೆ. ‘ಇಪ್ಪತ್ತು ಪುಟ ಓದಿದೆ, ಅದರಲ್ಲಿ ಎಂತದೂ ಇಲ್ಲ’ ಎನ್ನುವವರು ಇನ್ನೊಂದು ಬಗೆ. ಮೊದಲನೆಯವರು ಸಜ್ಜನರು, ಆದರೆ ಮುಗಿದ ಮೇಲೂ ಬಹಳಷ್ಟು ಸಲ ಹೇಳುವುದಿಲ್ಲ. ಎರಡನೆಯವರು ಹೇಳುತ್ತಾರೆ, ಆದರೆ ಕೇಳಿದವನು ಮುಂದೆ ಆ ಪುಸ್ತಕ ಮುಟ್ಟದಂತೆ ಹೇಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಬ್ಬರೂ ಕೇಳಿದವನನ್ನು ಬರಿಗೈಯಲ್ಲಿ ಕಳಿಸುತ್ತಾರೆ.

ಈ ಮಾತಿಗೆ ನಮ್ಮ ಕಡೆ ವಿಶೇಷ ತೂಕವಿದೆ. ಉತ್ತರ ಕನ್ನಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಕಾರವಾರದಲ್ಲಿ ಮನೆಯ ಮಾತು ಕೊಂಕಣಿ, ಹಿಂದಿನ ತಲೆಮಾರಿನ ಹಲವರು ಓದಿದ್ದು ಮರಾಠಿ, ಕಚೇರಿ ಮತ್ತು ಶಾಲೆಯದು ಕನ್ನಡ. ಮುಸ್ಲಿಮ್ ಮನೆಗಳಲ್ಲಿ ಇದರ ಜೊತೆಗೆ ಉರ್ದು. ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಅಂಕೋಲೆ ಮತ್ತು ಸುತ್ತಲಿನ ಊರುಗಳಲ್ಲಿ ಪ್ರೌಢಶಾಲೆಗಳನ್ನು ತೆರೆದ ಮೇಲೆ, ಅನೇಕ ಮನೆಗಳಿಗೆ ಕನ್ನಡದ ಮೊದಲ ಓದುಗರು ಮಕ್ಕಳ ರೂಪದಲ್ಲಿ ಬಂದರು. ಹೀಗಾಗಿ ಒಂದೇ ಮಾಡಿನ ಕೆಳಗೆ ಉರ್ದು ಮಾತ್ರ ಓದಬಲ್ಲ ಅಜ್ಜಿ, ಕನ್ನಡ ಮಾತ್ರ ಓದಬಲ್ಲ ಮೊಮ್ಮಗಳು, ಯಾವುದನ್ನೂ ಓದಲಾಗದ ತಾಯಿ ಇರುವುದು ಅಪರೂಪವಲ್ಲ. ಮೊಮ್ಮಗಳು ಓದುತ್ತಿರುವ ಕಾದಂಬರಿ ಅಡಿಗೆಮನೆಯಲ್ಲಿ ಅರ್ಧ ಕತೆಯಾಗಿ, ಅರ್ಧ ಅಭಿಪ್ರಾಯವಾಗಿ ಇಳಿಯುತ್ತದೆ. ಅಲ್ಲಿ ಕೇಳುವವರಿಗೆ ಆ ಮಾತೇ ಪುಸ್ತಕ. ಅವರು ಮೂಲಕ್ಕೆ ಹೋಗಿ ಪರೀಕ್ಷಿಸುವ ಹಾಗಿಲ್ಲ. ‘ಅದು ಒಳ್ಳೆಯ ಪುಸ್ತಕವಲ್ಲವಂತೆ’ ಎಂದು ಮನೆಯ ಹಿರಿಯರೊಬ್ಬರು ಹೊರಗೆ ಎಲ್ಲೋ ಕೇಳಿಕೊಂಡು ಬಂದರೆ, ಮೊಮ್ಮಗಳ ಕೈಯಿಂದಲೂ ಪುಸ್ತಕ ಹೋಗುತ್ತದೆ. ಯಾರೋ ಆಡಿದ ಒಂದು ಮಾತಿನಿಂದ ಒಂದು ಹುಡುಗಿಯ ಓದು ನಿಲ್ಲಬಹುದು. ಆದುದರಿಂದ ಈ ಪ್ರಶ್ನೆ ಸಣ್ಣದಲ್ಲ.

ಹಾಗಾದರೆ ಮುಗಿಯುವವರೆಗೆ ಸುಮ್ಮನಿರುವುದೇ ಧರ್ಮವೇ? ಅಲ್ಲ. ಕನ್ನಡದಲ್ಲಿ ಎಷ್ಟೋ ಕಾದಂಬರಿಗಳು ಧಾರಾವಾಹಿಯಾಗಿ ಬಂದವು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ವಾರ ವಾರ ಪ್ರಕಟವಾಯಿತು. ಆಗ ಮುಗಿಸಿದ ಓದುಗನೆಂಬವನೇ ಇರಲಿಲ್ಲ. ಗಂಡನಿಂದ ಬಲವಂತವಾಗಿ ದೂರವಾದ ನಾದಿರಾಳ ಗತಿ ಏನಾಗುವುದೆಂದು ತಿಳಿಯದೆಯೇ ಜನ ಮಾತಾಡಬೇಕಾಗಿತ್ತು. ಮಾತಾಡಿದರು, ಜಗಳವಾಡಿದರು. ಲೇಖಕಿ ಮುಂದೆ ಬಹಳ ವಿರೋಧವನ್ನೂ ಎದುರಿಸಿದರು. ಆ ಕಾದಂಬರಿಯ ನಡುವಿನ ಯಾವುದೋ ಒಂದು ಕಂತನ್ನು ಮಾತ್ರ ಓದಿದವನಿಗೆ ಇದು ಧರ್ಮದ ಮೇಲಿನ ದೂರು ಎಂದು ತೋರಬಹುದು. ಕೊನೆಯವರೆಗೆ ಹೋದವನಿಗೆ, ತನ್ನ ಹಠಕ್ಕೆ ಧರ್ಮದ ನಿಯಮವನ್ನು ಬಳಸಿಕೊಂಡ ತಂದೆಯೊಬ್ಬ, ಕೋಪದಲ್ಲಿ ಒಂದು ಮಾತಾಡಿದ ಗಂಡನೊಬ್ಬ, ಇವರ ನಡುವೆ ಜೀವ ಕಳೆದುಕೊಂಡ ಒಬ್ಬಳು ಕಾಣುತ್ತಾಳೆ. ಆದರೆ ಆ ನಡುವಿನ ಕಂತಿನಲ್ಲಿ ಮನಸ್ಸು ಕಲಕಿದ್ದು ಸುಳ್ಳಲ್ಲ. ‘ಈ ವಾರ ಓದಿ ನಿದ್ದೆ ಬರಲಿಲ್ಲ’ ಎಂದವನು ತಪ್ಪು ಹೇಳಲಿಲ್ಲ. ‘ಈ ಬರಹಗಾರ್ತಿಯ ಉದ್ದೇಶವೇ ಕೆಟ್ಟದ್ದು’ ಎಂದವನು ಮಾತ್ರ ತನಗೆ ಗೊತ್ತಿಲ್ಲದ್ದನ್ನು ಹೇಳಿದ. ಮೊದಲನೆಯವನು ತನ್ನ ಬಗ್ಗೆ ಸಾಕ್ಷಿ ನುಡಿದ, ಎರಡನೆಯವನು ಇನ್ನೊಬ್ಬರ ಹೃದಯದ ಬಗ್ಗೆ ತೀರ್ಪು ಕೊಟ್ಟ.

ಇದು ಕನ್ನಡಕ್ಕಾಗಲಿ ಮುಸ್ಲಿಮರಿಗಾಗಲಿ ಸೀಮಿತವಾದ ರೋಗವಲ್ಲ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಇಲ್ಲಿಗೆ ಬಂದು ಉಳಿದಿದ್ದರು. ಅದೇ ಟಾಗೋರರು ಮುಂದೆ ‘ಘರೇ ಬೈರೆ’ ಕಾದಂಬರಿಯನ್ನು ‘ಸಬುಜ್ ಪತ್ರ’ದಲ್ಲಿ ಧಾರಾವಾಹಿಯಾಗಿ ಬರೆದರು. 1916ರಲ್ಲಿ ಅದು ಪುಸ್ತಕವಾಯಿತು. ಅದರಲ್ಲಿ ಸಂದೀಪನೆಂಬ ಪಾತ್ರ ಸೀತೆಯ ಬಗ್ಗೆ ಆಡುವ ಮಾತೊಂದನ್ನು ಹಿಡಿದು, ಅದು ಲೇಖಕರದೇ ಮಾತೆಂಬಂತೆ ಜನ ಸಿಟ್ಟಾದರು. ಸಂದೀಪ ಎಂಥವನೆಂದು ಕಾದಂಬರಿಯೇ ಮುಂದೆ ತೋರಿಸುತ್ತದೆ. ಆದರೂ ಟಾಗೋರರು ಉತ್ತರ ಬರೆಯಬೇಕಾಯಿತು. ನೊಬೆಲ್ ಪಡೆದವರ ಗತಿಯೇ ಹೀಗಾದರೆ, ಸಣ್ಣ ಊರಿನಲ್ಲಿ ಕೂತು ಕತೆ ಬರೆಯುವ ನಮ್ಮಂಥವರ ಪಾಡು ಹೇಳಬೇಕಾಗಿಲ್ಲ. ಪಾತ್ರದ ಬಾಯಿಯಲ್ಲಿ ಬಂದದ್ದನ್ನು ಬರೆದವನ ಲೆಕ್ಕಕ್ಕೆ ಹಾಕುವುದು ಅವಸರದ ಓದುಗನ ಮೊದಲ ಲಕ್ಷಣ.

ಇನ್ನೂ ಮುಂದೆ ಹೋದವರಿದ್ದಾರೆ. ಅವರಿಗೆ ಅರ್ಧ ಓದುವ ಶ್ರಮವೂ ಬೇಡ. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದಾಗ, ಬಿಡುಗಡೆಗೆ ಮೊದಲೇ ಅದರ ಪ್ರತಿಗಳು ಖರ್ಚಾಗಿದ್ದವು. ಪ್ರತಿಗಳಂತೆ ಅಭಿಪ್ರಾಯಗಳೂ ಮೊದಲೇ ತಯಾರಾಗಿದ್ದವು. ಓದದೆ ಹೊಗಳಿದವರಿದ್ದರು, ಓದದೆ ತೆಗಳಿದವರೂ ಇದ್ದರು. ಆ ಕಾದಂಬರಿ ಇತಿಹಾಸವನ್ನು ನೋಡುವ ಕ್ರಮದ ಬಗ್ಗೆ ನಮಗೆ ಗಂಭೀರವಾದ ತಕರಾರಿದೆ. ಆದರೆ ಆ ತಕರಾರನ್ನು ಪುಟ ತಿರುಗಿಸಿ ತೋರಿಸಿದಾಗ ಮಾತ್ರ ಎದುರಿನವನು ಕೇಳಿಸಿಕೊಳ್ಳುತ್ತಾನೆ. ಓದದೆ ವಿರೋಧಿಸುವವನು ತನ್ನ ಪಕ್ಷವನ್ನು ತಾನೇ ದುರ್ಬಲಗೊಳಿಸುತ್ತಾನೆ. ನಮ್ಮ ಪುಸ್ತಕಗಳನ್ನು ನ್ಯಾಯವಾಗಿ ಓದಿ ಎಂದು ಇತರರಲ್ಲಿ ಕೇಳುವ ಹಕ್ಕು, ಇತರರ ಪುಸ್ತಕಗಳನ್ನು ನಾವು ನ್ಯಾಯವಾಗಿ ಓದಿದಾಗಲೇ ಬರುತ್ತದೆ. ನಮಗೆ ಅಪ್ರಿಯವಾದ ಪುಸ್ತಕದ ವಿಷಯದಲ್ಲೇ ಈ ನಿಯಮದ ಪರೀಕ್ಷೆ ನಡೆಯುವುದು.

ಆದರೆ ಪುಸ್ತಕ ಮುಗಿಸಿದವನ ಮಾತೇ ಎಲ್ಲದರಲ್ಲೂ ಹೆಚ್ಚು ಎನ್ನುವುದನ್ನೂ ನಾವು ಒಪ್ಪುವುದಿಲ್ಲ. ಅಂಕೋಲೆಯಿಂದ ಗಂಗಾವಳಿ ನದಿ ದಾಟಿದರೆ ಹನೇಹಳ್ಳಿ, ಯಶವಂತ ಚಿತ್ತಾಲರ ಊರು. ಅವರ ‘ಶಿಕಾರಿ’ 1979ರಲ್ಲಿ ಪ್ರಕಟವಾಯಿತು. ಮುಂಬಯಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಾಗಪ್ಪ, ತನ್ನ ಮೇಲಿನ ಆರೋಪ ಏನೆಂದು ಸರಿಯಾಗಿ ತಿಳಿಯದೆಯೇ ವಿಚಾರಣೆಗೆ ಗುರಿಯಾಗುತ್ತಾನೆ. ಅವನನ್ನು ನಿಜವಾಗಿ ಬೇಟೆಯಾಡುತ್ತಿದ್ದಾರೆಯೋ, ಅಥವಾ ಅದು ಅವನ ಮನಸ್ಸಿನ ಭಯವೋ ಎಂಬುದು ಕಾದಂಬರಿಯ ನಡುವಿನಲ್ಲಿರುವ ಓದುಗನಿಗೆ ಗೊತ್ತಾಗುವುದಿಲ್ಲ. ಆ ಗೊತ್ತಾಗದಿರುವಿಕೆಯೇ ಅಲ್ಲಿನ ಅನುಭವ. ನಡುವಿನಲ್ಲಿ ಇರುವವನು ನಾಗಪ್ಪನ ಪಕ್ಕದಲ್ಲೇ ನಿಂತಿರುತ್ತಾನೆ. ಮುಗಿಸಿದವನಿಗೆ ಎಲ್ಲ ತಿಳಿದಿದೆ, ಆದರೆ ತಿಳಿಯದಿದ್ದಾಗ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು ಎಂಬುದು ಅವನಿಗೆ ಮರೆತುಹೋಗಿರುತ್ತದೆ. ಅರ್ಧ ದಾರಿಯಲ್ಲಿರುವ ಓದುಗ ಮಾತ್ರ ಕೊಡಬಹುದಾದ ಸಾಕ್ಷಿ ಅದು. ಅವನು ಸುಮ್ಮನಿದ್ದರೆ ಆ ಸಾಕ್ಷಿ ಕಳೆದೇಹೋಗುತ್ತದೆ. ಇನ್ನೊಂದು ಮಾತು: ಈ ಕಾದಂಬರಿ ನಮ್ಮ ಪ್ರಶ್ನೆಗೂ ಹತ್ತಿರದ್ದು. ಪೂರ್ತಿ ವಿಷಯ ತಿಳಿಯದೆ ಒಬ್ಬ ಮನುಷ್ಯನ ಮೇಲೆ ತೀರ್ಮಾನಕ್ಕೆ ಬರುವುದು ಎಂಥ ಕ್ರೌರ್ಯವೆಂದು ನಾಗಪ್ಪನ ಪಾಡು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಹೀಗೆ ಹೇಳುವುದೂ ಬೇಕು, ತೀರ್ಪು ಕೊಡಲೂ ಬಾರದು ಎಂದ ಮೇಲೆ ಹೇಳುವುದು ಹೇಗೆ? ಇದಕ್ಕೆ ನಮ್ಮ ಪರಂಪರೆಯಲ್ಲೇ ಒಂದು ದಾರಿಯಿದೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಏನು ಹೇಳಲಾಗಿದೆ ಎಂಬುದನ್ನಷ್ಟೇ ದಾಖಲಿಸಲಿಲ್ಲ, ಅದು ತಮಗೆ ಹೇಗೆ ತಲಪಿತು ಎಂಬುದನ್ನೂ ದಾಖಲಿಸಿದರು. ಗುರುವಿನ ಬಾಯಿಯಿಂದಲೇ ಕೇಳಿದ್ದೇ, ಗುರುವಿನ ಎದುರು ಓದಿ ಒಪ್ಪಿಸಿದ್ದೇ, ಅಥವಾ ಬರಹದಲ್ಲಿ ಸಿಕ್ಕಿದ್ದು ಮಾತ್ರವೇ ಎಂಬುದಕ್ಕೆ ಬೇರೆ ಬೇರೆ ಪದಗಳನ್ನು ಬಳಸಿದರು. ಬರಹದಲ್ಲಿ ಸಿಕ್ಕಿದ್ದನ್ನು ಕಿವಿಯಾರೆ ಕೇಳಿದ್ದೆಂದು ಹೇಳಿದರೆ, ಮಾತು ನಿಜವಾಗಿದ್ದರೂ ಹೇಳಿದವನ ವಿಶ್ವಾಸಾರ್ಹತೆಗೆ ಕುಂದು ಬರುತ್ತಿತ್ತು. ಪುಸ್ತಕದ ಅಭಿಪ್ರಾಯಕ್ಕೂ ಇಷ್ಟೇ ಬೇಕು. ‘ನೂರು ಪುಟ ಓದಿದ್ದೇನೆ, ಇಲ್ಲಿಯವರೆಗೆ ಹೀಗೆ ಕಾಣುತ್ತದೆ.’ ‘ನಾನು ಓದಿಲ್ಲ, ಓದಿದ ಆಪಾ ಒಬ್ಬರು ಹೀಗೆ ಹೇಳಿದರು.’ ‘ಬೆನ್ನುಡಿ ಮಾತ್ರ ನೋಡಿದ್ದೇನೆ.’ ಇಷ್ಟು ಸೇರಿಸಲು ಎಷ್ಟು ಹೊತ್ತು ಬೇಕು? ಆದರೆ ಇಷ್ಟು ಸೇರಿಸಿದ ಕೂಡಲೇ ಮಾತಿನ ಸ್ವಭಾವವೇ ಬದಲಾಗುತ್ತದೆ. ಕೇಳುವವನಿಗೆ ಅದನ್ನು ಎಷ್ಟು ನಂಬಬೇಕೆಂಬ ಅಳತೆ ಸಿಗುತ್ತದೆ, ಹೇಳುವವನ ನಾಲಿಗೆಗೂ ಹಿಡಿತ ಬರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ನೀಮ್ ಹಕೀಮ್ ಖತ್ರಾ-ಎ-ಜಾನ್, ನೀಮ್ ಮುಲ್ಲಾ ಖತ್ರಾ-ಎ-ಈಮಾನ್ ಎಂದು ಉರ್ದುವಿನಲ್ಲಿ ಹೇಳುತ್ತಾರೆ. ಅರೆ ವೈದ್ಯ ಜೀವಕ್ಕೆ ಅಪಾಯ, ಅರೆ ಮುಲ್ಲಾ ವಿಶ್ವಾಸಕ್ಕೆ ಅಪಾಯ. ಅವರ ಅಪಾಯವಿರುವುದು ಅರ್ಧ ಕಲಿತದ್ದರಲ್ಲಲ್ಲ, ಪೂರ್ತಿ ಕಲಿತವರಂತೆ ಮದ್ದು ಕೊಡುವುದರಲ್ಲಿ. ತನಗೆ ಅರ್ಧ ಮಾತ್ರ ಗೊತ್ತೆಂದು ಹೇಳುವ ಹಕೀಮ ಯಾರನ್ನೂ ಕೊಲ್ಲಲಾರ.

ಇಂದು ಹೇಳಿದ್ದು ನಾಳೆ ಬದಲಾದರೆ ಮಾನ ಹೋಗುವುದಿಲ್ಲವೇ ಎಂಬ ಅಂಜಿಕೆ ಕೆಲವರದು. ಅದಕ್ಕೇ ಅವರು ಬಾಯಿ ಬಿಡುವುದಿಲ್ಲ. ಬಿಟ್ಟರೆ, ಆಡಿದ ಮಾತನ್ನು ಉಳಿಸಿಕೊಳ್ಳಲೆಂದೇ ಉಳಿದ ಪುಟಗಳನ್ನು ಓದುತ್ತಾರೆ. ಅಂಥವರು ಇಮಾಮ್ ಶಾಫಿಯವರನ್ನು ನೆನೆಯಬೇಕು. ಕರಾವಳಿಯ ಮುಸ್ಲಿಮರಲ್ಲಿ ಹಲವರು ಅನುಸರಿಸುವ ಮದ್ಸಹಬ್ ಅವರದು. ಇರಾಕಿನಲ್ಲಿದ್ದಾಗ ಅವರು ಕೊಟ್ಟ ಎಷ್ಟೋ ಅಭಿಪ್ರಾಯಗಳನ್ನು ಈಜಿಪ್ಟಿಗೆ ಹೋದ ಮೇಲೆ ಬದಲಾಯಿಸಿದರು. ಹಳೆಯ ಅಭಿಪ್ರಾಯ, ಹೊಸ ಅಭಿಪ್ರಾಯ ಎಂದು ಎರಡನ್ನೂ ಗುರುತಿಸಿ ಶಿಷ್ಯಪರಂಪರೆ ಕಾಪಾಡಿಕೊಂಡು ಬಂದಿದೆ. 820ರಲ್ಲಿ ತೀರಿಹೋದ ಆ ವಿದ್ವಾಂಸರ ಗೌರವ ಇದರಿಂದ ಕಡಿಮೆಯಾಗಲಿಲ್ಲ. ಟಾಗೋರರ ವಿಷಯದಲ್ಲೂ ಅಷ್ಟೆ. ಕಾರವಾರದಲ್ಲಿ ತಾವು ಬರೆದ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ತಮ್ಮ ಮುಂದಿನ ಬರವಣಿಗೆಗೆಲ್ಲ ಪೀಠಿಕೆಯಂತೆ ಇತ್ತೆಂಬುದನ್ನು ಅವರು ಹೇಳಿದ್ದು 1912ರಲ್ಲಿ ಬಂದ ಆತ್ಮಕಥನದಲ್ಲಿ. ಬರೆದವರೇ ಸುಮಾರು ಮೂವತ್ತು ವರ್ಷದ ನಂತರ ತಮ್ಮ ಪುಸ್ತಕದಲ್ಲಿ ಹೊಸ ಅರ್ಥ ಕಂಡರೆ, ಓದಿದವನು ಮೂವತ್ತು ದಿನದಲ್ಲಿ ಅಭಿಪ್ರಾಯ ಬದಲಿಸುವುದರಲ್ಲಿ ನಾಚಿಕೆಯೇನು?

ಕೊನೆಗೆ ಇನ್ನೊಂದು ಎಚ್ಚರ. ಪುಸ್ತಕದ ಅಂತ್ಯ ಓದಿದವನ ಸ್ವಂತ ಆಸ್ತಿಯಲ್ಲ, ಅದು ಮುಂದಿನ ಓದುಗನ ಅಮಾನತ್ತು. ನಾದಿರಾಳಿಗೆ ಏನಾಯಿತೆಂದು ಮೇಲೆ ನಾವು ಹೇಳಿದ್ದು, ಆ ಕಾದಂಬರಿ ಬಂದು ನಾಲ್ಕು ದಶಕ ಕಳೆದಿದೆ, ಅದರ ಕತೆ ಊರಿಗೆಲ್ಲ ಗೊತ್ತಿದೆ ಎಂಬ ಕಾರಣದಿಂದ. ನಿನ್ನೆ ಬಂದ ಪುಸ್ತಕದ ಬಗ್ಗೆ ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಓದಲಾರದವರು ಕೇಳಿದರೆ ಪೂರ್ತಿ ಹೇಳಬೇಕು. ಅಲ್ಲಿ ಬಚ್ಚಿಡುವುದೇ ಅನ್ಯಾಯ. ಯಾರ ಮುಂದೆ ಮಾತಾಡುತ್ತಿದ್ದೇವೆ, ಅವರ ಕೈಗೆ ಆ ಪುಸ್ತಕ ಸಿಗುವುದೇ ಇಲ್ಲವೇ ಎಂಬುದರ ಮೇಲೆ ನಮ್ಮ ಹೊಣೆ ಹೆಚ್ಚು ಕಡಿಮೆಯಾಗುತ್ತದೆ. ಸಿಗುವಂತಿದ್ದರೆ, ಓದುವ ಆಸೆ ಉಳಿಯುವಷ್ಟು ಹೇಳಬೇಕು. ಸಿಗದಿದ್ದರೆ, ಪುಸ್ತಕವನ್ನೇ ಕೊಟ್ಟಷ್ಟು ಪ್ರಾಮಾಣಿಕವಾಗಿ ಹೇಳಬೇಕು. ಇಷ್ಟವಾಗದ ಪುಸ್ತಕದ ಬಗ್ಗೆಯೂ, ‘ನನಗೆ ಹಿಡಿಸಲಿಲ್ಲ, ನೀನು ಓದಿ ನೋಡು’ ಎಂದು ಪುಸ್ತಕವನ್ನು ಮುಂದಕ್ಕೆ ದಾಟಿಸುವವನೇ ನಮ್ಮ ದೃಷ್ಟಿಯಲ್ಲಿ ಒಳ್ಳೆಯ ಓದುಗ.